ಎಂಎಲ್‌ಸಿ ಪುಸ್ತಕದಲ್ಲೇ ಉಳಿದುಹೋಗುವ ಹೆಸರುಗಳು

(ಬಾಗಲಕೋಟೆಯ ನವನಗರದಲ್ಲಿ ಆಶಾ ಕಾರ್ಯಕರ್ತೆಯರು, ಶಿಕ್ಷಕರು, ರೈತರು ಮತ್ತು ನೇಕಾರರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ರಟ್ಟು ಹಾಕಿದ ಒಂದು ದೊಡ್ಡ ಪುಸ್ತಕ ಇರುತ್ತದೆ. ಅದಕ್ಕೆ ಎಂಎಲ್‌ಸಿ ರಿಜಿಸ್ಟರ್ (ಮೆಡಿಕೊ-ಲೀಗಲ್ ಕೇಸ್, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣಗಳ ಪುಸ್ತಕ) ಎಂದು ಹೆಸರು. ರಸ್ತೆ ಅಪಘಾತ, ಹೊಡೆದಾಟ, ಸುಟ್ಟ ಗಾಯ, ವಿಷ ಸೇವನೆ, ಹೀಗೆ ಪೊಲೀಸರಿಗೆ ತಿಳಿಸಲೇಬೇಕಾದ ಪ್ರಕರಣಗಳೆಲ್ಲ ಅದರಲ್ಲಿ ದಾಖಲಾಗುತ್ತವೆ. ಹೆಸರು, ವಯಸ್ಸು, ಊರು, ಕರೆತಂದವರು ಯಾರು, ಎಷ್ಟು ಗಂಟೆಗೆ ಬಂದರು, ಠಾಣೆಗೆ ಮಾಹಿತಿ ಎಷ್ಟು ಗಂಟೆಗೆ ಹೋಯಿತು ಎಂಬುದಕ್ಕೆಲ್ಲ ಅಲ್ಲಿ ಜಾಗವಿರುತ್ತದೆ. ಸರ್ಕಾರಿ ವೈದ್ಯನಾಗಿ ಆ ಪುಸ್ತಕದಲ್ಲಿ ನಾನು ಬರೆದ ಸಾಲುಗಳನ್ನು ಲೆಕ್ಕ ಇಟ್ಟಿಲ್ಲ. ಆದರೆ ಅದರಲ್ಲಿ ಇಲ್ಲದ ಒಂದು ಕಾಲಂ ನಿವೃತ್ತಿಯ ನಂತರ ನನ್ನನ್ನು ಹೆಚ್ಚು ಕಾಡುತ್ತಿದೆ. ಜೀವ ಕಳೆದುಕೊಳ್ಳಲು ಹೊರಟು ಹೇಗೋ ಉಳಿದ ಈ ಮನುಷ್ಯ ಮನೆಗೆ ಹೋದ ಮೇಲೆ ಅವನನ್ನು ಯಾರು ನೋಡುತ್ತಾರೆ ಎಂದು ಬರೆಯಲು ಅಲ್ಲಿ ಜಾಗವೇ ಇರಲಿಲ್ಲ.

ಕಬ್ಬು ಕಡಿಯುವ ಹಂಗಾಮಿನ ಒಂದು ರಾತ್ರಿ ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬನನ್ನು ಟಂಟಂನಲ್ಲಿ ಹಾಕಿಕೊಂಡು ತಂದಿದ್ದರು. ಹುಡುಗನ ಅಣ್ಣ ನನ್ನ ಕೈ ಹಿಡಿದುಕೊಂಡು, "ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನ್ರಿ, ಕೇಸ್ ಮಾಡಬ್ಯಾಡ್ರಿ. ಗೊತ್ತಾಗಲಾರದ ಆಗೇತಿ ಅಂತ ಬರೀರಿ" ಎಂದ. ತಮ್ಮನ ಜೀವಕ್ಕಿಂತ ಠಾಣೆಯ ಭಯ ಅವನಿಗೆ ಹೆಚ್ಚಾಗಿತ್ತು ಎಂದು ಅಂದು ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಆ ಭಯಕ್ಕೆ ಕಾರಣವಿತ್ತು ಎನಿಸುತ್ತದೆ. ಆಗ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವನಿಗೆ ಒಂದು ವರ್ಷದವರೆಗೆ ಸಜೆ ಆಗಬಹುದಿತ್ತು. ಹುಡುಗ ಐದನೆಯ ದಿನ ಚೇತರಿಸಿಕೊಂಡ. ಪೇದೆಯೊಬ್ಬರು ಬಂದು ಹೇಳಿಕೆ ಬರೆದುಕೊಂಡು ಹೋದರು. ನಾನು ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಮಾತ್ರೆ ಬರೆದೆ. ಅಷ್ಟೇ. ಅವನು ಯಾಕೆ ಹಾಗೆ ಮಾಡಿಕೊಂಡ ಎಂದು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇಂದು ನನಗೆ ಕೊಟ್ಟಿರುವ ವಿಷಯ ಆತ್ಮಹತ್ಯೆ ತಡೆಗೆ ರಾಷ್ಟ್ರಮಟ್ಟದಲ್ಲಿ ಸರ್ಕಾರ ಮಾಡಿರುವ ಯೋಜನೆ. ಆ ಯೋಜನೆಯನ್ನು ದಿಲ್ಲಿಯ ಕಡೆಯಿಂದ ಓದದೆ ಈ ಪುಸ್ತಕದ ಕಡೆಯಿಂದ ಓದಲು ಪ್ರಯತ್ನಿಸುತ್ತೇನೆ.

ಕೇಂದ್ರ ಆರೋಗ್ಯ ಸಚಿವಾಲಯವು 2022ರ ನವೆಂಬರ್‌ನಲ್ಲಿ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರವನ್ನು ಪ್ರಕಟಿಸಿತು. ಇಂಥ ದಾಖಲೆ ನಮ್ಮ ದೇಶದಲ್ಲಿ ಇದೇ ಮೊದಲು. 2020ರ ಪ್ರಮಾಣಕ್ಕೆ ಹೋಲಿಸಿ 2030ರ ಹೊತ್ತಿಗೆ ಆತ್ಮಹತ್ಯೆಯ ಸಾವುಗಳನ್ನು ಶೇ 10ರಷ್ಟು ಇಳಿಸುವುದು ಅದರ ಗುರಿ. ಮೂರು ವರ್ಷದೊಳಗೆ ನಿಗಾ ಮತ್ತು ದಾಖಲಾತಿಯ ಗಟ್ಟಿ ವ್ಯವಸ್ಥೆ, ಐದು ವರ್ಷದೊಳಗೆ ಎಲ್ಲ ಜಿಲ್ಲೆಗಳಲ್ಲೂ ಆತ್ಮಹತ್ಯೆ ತಡೆಯ ಸೇವೆ ಕೊಡುವ ಮನೋರೋಗ ಹೊರರೋಗಿ ವಿಭಾಗ, ಎಂಟು ವರ್ಷದೊಳಗೆ ಎಲ್ಲ ಶಿಕ್ಷಣ ಸಂಸ್ಥೆಗಳಲ್ಲಿ ಮಾನಸಿಕ ಸ್ವಾಸ್ಥ್ಯದ ಪಾಠ ಎಂದು ಅದು ಕಾಲಮಿತಿಯನ್ನೂ ಹಾಕಿಕೊಂಡಿದೆ. ಕೀಟನಾಶಕ ಸುಲಭವಾಗಿ ಕೈಗೆ ಸಿಗದಂತೆ ಮಾಡುವುದು, ಪತ್ರಿಕೆಗಳು ಇಂಥ ಸುದ್ದಿಯನ್ನು ಜವಾಬ್ದಾರಿಯಿಂದ ಬರೆಯುವಂತೆ ನೋಡಿಕೊಳ್ಳುವುದು, ಸಮುದಾಯದ ಬಲವನ್ನು ಹೆಚ್ಚಿಸುವುದು ಇವೂ ಅದರಲ್ಲಿವೆ. ದಾಖಲೆ ಚೆನ್ನಾಗಿದೆ, ಅದನ್ನು ಹಗುರವಾಗಿ ತಳ್ಳಿಹಾಕುವವರ ಸಾಲಿಗೆ ನಾನು ಸೇರುವುದಿಲ್ಲ. ಶೇ 10 ಸಣ್ಣ ಗುರಿ ಎಂದು ಕೆಲವರು ಟೀಕಿಸುತ್ತಾರೆ. ಆದರೆ ಯಾವುದರಿಂದ ಹತ್ತನ್ನು ಕಳೆಯಬೇಕು ಎಂಬುದೇ ನಮ್ಮಲ್ಲಿ ಸರಿಯಾಗಿ ಗೊತ್ತಿಲ್ಲದಿರುವುದು ಅದಕ್ಕಿಂತ ದೊಡ್ಡ ತೊಡಕು.

ನಮ್ಮ ಲೆಕ್ಕ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅಸಹಜ ಸಾವಾದಾಗ ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ. ಪಂಚನಾಮೆ, ಮರಣೋತ್ತರ ಪರೀಕ್ಷೆ ನಡೆದು ತನಿಖೆ ಮುಗಿದ ಮೇಲೆ ಆ ಅಂಕಿ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ ಹೋಗುತ್ತದೆ. 2022ರಲ್ಲಿ ಆ ಬ್ಯೂರೊ ಲೆಕ್ಕಕ್ಕೆ ಹಿಡಿದ ಆತ್ಮಹತ್ಯೆಗಳು 1,70,924, ಅಂದರೆ ಲಕ್ಷಕ್ಕೆ 12.4. ಕರ್ನಾಟಕದ ಪಾಲು 13,606. ಠಾಣೆಯವರೆಗೆ ಹೋಗದ ಸಾವು ಈ ಲೆಕ್ಕದಲ್ಲಿ ಇಲ್ಲ. "ಗೊತ್ತಾಗಲಾರದ ಆಗೇತಿ" ಎಂದು ಬರೆಸಿದ್ದೂ ಇಲ್ಲ, ಹೊಟ್ಟೆನೋವು ತಾಳಲಾರದೆ ಎಂದು ಊರವರೆಲ್ಲ ಸೇರಿ ಹೇಳಿ ಮುಗಿಸಿದ ಹೆಣ್ಣುಮಗಳ ಸಾವು ಇದೆಯೋ ಇಲ್ಲವೋ ಹೇಳಲಾಗದು. ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ಮಾಡಿದ ಒಂದು ದೊಡ್ಡ ರಾಷ್ಟ್ರೀಯ ಸಮೀಕ್ಷೆಯ ಆಧಾರದ ಮೇಲೆ ಸಂಶೋಧಕರು 2010ರಲ್ಲಿ ದೇಶದಲ್ಲಿ ಸುಮಾರು 1,87,000 ಆತ್ಮಹತ್ಯೆಗಳಾದವು ಎಂದು ಅಂದಾಜಿಸಿದರು. ಅದೇ ವರ್ಷ ಪೊಲೀಸ್ ಲೆಕ್ಕ 1,34,599 ಇತ್ತು. ಇನ್ನು ಯತ್ನಿಸಿ ಬದುಕಿದವರ ಲೆಕ್ಕವಂತೂ ಆಯಾ ಆಸ್ಪತ್ರೆಯ ರಿಜಿಸ್ಟರಿನಿಂದ ಆಚೆಗೆ ಬರುವುದೇ ಅಪರೂಪ.

ಫಿನ್ಲೆಂಡ್ ಈ ವಿಷಯದಲ್ಲಿ ರಾಷ್ಟ್ರೀಯ ಯೋಜನೆ ಮಾಡಿಕೊಂಡ ಮೊದಲ ದೇಶ. ಅವರು ಘೋಷಣೆಯಿಂದ ಆರಂಭಿಸಲಿಲ್ಲ. 1987ರ ಏಪ್ರಿಲ್‌ನಿಂದ ಹನ್ನೆರಡು ತಿಂಗಳ ಕಾಲ ದೇಶದಲ್ಲಿ ನಡೆದ 1,397 ಆತ್ಮಹತ್ಯೆಗಳನ್ನೂ ಒಂದೂ ಬಿಡದೆ, ಮನೆಯವರನ್ನು ಮತ್ತು ಚಿಕಿತ್ಸೆ ಮಾಡಿದವರನ್ನು ಮಾತನಾಡಿಸಿ, ಅಭ್ಯಾಸ ಮಾಡಿದರು. ಸತ್ತವರಲ್ಲಿ ಯಾರಿಗೆ ಖಿನ್ನತೆ ಇತ್ತು, ಯಾರು ಕೊನೆಯ ತಿಂಗಳಲ್ಲಿ ವೈದ್ಯರ ಬಳಿಗೆ ಹೋಗಿದ್ದರು ಎಂದು ತಿಳಿದುಕೊಂಡ ಮೇಲೆ ಕಾರ್ಯಕ್ರಮ ಹೆಣೆದರು. 1990ರಲ್ಲಿ ತುದಿ ಮುಟ್ಟಿದ್ದ ಅಲ್ಲಿನ ಪ್ರಮಾಣ ಮುಂದಿನ ಎರಡೂವರೆ ದಶಕಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬಂತು.

ಕಾನೂನಿನ ಮಾತಿಗೆ ಬರುತ್ತೇನೆ, ಏಕೆಂದರೆ ಆ ಅಣ್ಣನ ಭಯ ಈಗಲೂ ಹಳ್ಳಿಗಳಲ್ಲಿ ಹಾಗೆಯೇ ಇದೆ. 309ನೇ ಕಲಂ ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. 1996ರಲ್ಲಿ ದೊಡ್ಡ ಪೀಠವೊಂದು ಅದನ್ನು ಮತ್ತೆ ಊರ್ಜಿತಗೊಳಿಸಿತು. ಅದನ್ನು ತೆಗೆದುಹಾಕಿ ಎಂದು ಕಾನೂನು ಆಯೋಗ 2008ರಲ್ಲಿ ಶಿಫಾರಸು ಮಾಡಿತು. ಕೊನೆಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಬೇರೆ ಎಂದು ಸಾಬೀತಾಗದ ಹೊರತು ಅವನ ಮೇಲೆ ಮೊಕದ್ದಮೆ ಕೂಡದು ಎಂದು ಅದರ 115ನೇ ಕಲಂ ಹೇಳಿತು. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಸರ್ಕಾರಿ ನೌಕರನ ಕೆಲಸಕ್ಕೆ ಅಡ್ಡಿಪಡಿಸಲು ಅಥವಾ ಅವನ ಮೇಲೆ ಒತ್ತಡ ತರಲು ಹಾಗೆ ಮಾಡಿದರೆ ಮಾತ್ರ 226ನೇ ಕಲಂ ಅನ್ವಯಿಸುತ್ತದೆ.

115ನೇ ಕಲಮಿನ ಮೊದಲ ಅರ್ಧವನ್ನು ವಕೀಲರು ಉಲ್ಲೇಖಿಸುತ್ತಾರೆ, ಎರಡನೆಯ ಅರ್ಧವನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ದೂರು. ಯತ್ನಿಸಿದ ವ್ಯಕ್ತಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸಿ, ಮತ್ತೆ ಅಂಥದು ನಡೆಯದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ಅಂದರೆ ನನ್ನ ಪುಸ್ತಕದಲ್ಲಿ ಇಲ್ಲದ ಕಾಲಂ ಕಾಯ್ದೆಯಲ್ಲಿ ಇದೆ. ಹಾಗಿದ್ದರೂ ಎಂಎಲ್‌ಸಿ ಮಾಹಿತಿ ಇವತ್ತಿಗೂ ತಪ್ಪದೆ ಹೋಗುವುದು ಠಾಣೆಗೆ. ಅದೇ ಜಿಲ್ಲೆಯ ಮಾನಸಿಕ ಆರೋಗ್ಯ ಘಟಕಕ್ಕೆ ಅದು ಹೋಗುವುದು ಆಯಾ ವೈದ್ಯನ ಆಸಕ್ತಿಯನ್ನು ಅವಲಂಬಿಸಿದೆ. ಸಾವಿನ ನಂತರದ ಪರಿಹಾರಕ್ಕೆ ನಮ್ಮಲ್ಲಿ ಅರ್ಜಿ ನಮೂನೆ ಇದೆ, ಸಮಿತಿ ಇದೆ, ಪಹಣಿ ನೋಡುವ ಅಧಿಕಾರಿ ಇದ್ದಾರೆ. ಬದುಕಿ ಬಂದವನ ಪಾಲಿಗೆ ಸಿಗುವುದು ಒಂದು ಡಿಸ್ಚಾರ್ಜ್ ಚೀಟಿ.

ಬದುಕಿ ಬಂದವರನ್ನೇ ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ಒಮ್ಮೆ ಯತ್ನಿಸಿದವರಿಗೆ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು, ಮತ್ತು ಆ ಅಪಾಯ ಆಸ್ಪತ್ರೆಯಿಂದ ಹೋದ ಮೊದಲ ವಾರಗಳಲ್ಲೇ ಹೆಚ್ಚಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಐದು ಊರುಗಳಲ್ಲಿ ಒಂದು ಪ್ರಯೋಗ ನಡೆಸಿತು. ಅವುಗಳಲ್ಲಿ ಚೆನ್ನೈ ಒಂದು. ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಕೊಟ್ಟು ಕಳಿಸಿದರು. ಇನ್ನೊಂದು ಗುಂಪಿನವರ ಜೊತೆ ಬಿಡುಗಡೆಯ ಹೊತ್ತಿಗೆ ಒಂದು ತಾಸು ಕುಳಿತು ಮಾತನಾಡಿದರು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಿಸಿದರು. ಹದಿನೆಂಟು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ಶೇ 2.2 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ಎರಡನೆಯದರಲ್ಲಿ ಶೇ 0.2. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ದಿನ ನಾನು ಆ ಕಬ್ಬಿನ ಹಂಗಾಮಿನ ಹುಡುಗನನ್ನು ನೆನೆಸಿಕೊಂಡೆ. ಅದಕ್ಕೆ ದುಬಾರಿ ಔಷಧಿಯಾಗಲಿ ಯಂತ್ರವಾಗಲಿ ಬೇಕಿರಲಿಲ್ಲ. ಬೇಕಿದ್ದದ್ದು "ಹ್ಯಾಂಗದೀಯಪ್ಪ, ನಿದ್ದಿ ಬರಾಕತ್ತೇತೇನು?" ಎಂದು ಕೇಳುವ ಒಬ್ಬರು, ಅದೂ ಒಂಬತ್ತು ಸಲ.

ಕೀಟನಾಶಕದ ವಿಷಯವನ್ನು ಈ ಜಿಲ್ಲೆಯಲ್ಲಿ ಮುಚ್ಚಿಟ್ಟು ಮಾತನಾಡಲಾಗದು. ನಾವು ಅದಕ್ಕೆ ಎಣ್ಣೆ ಎನ್ನುತ್ತೇವೆ; ದಾಳಿಂಬೆಗೆ ಎಣ್ಣೆ ಹೊಡೆಯುತ್ತೇವೆ, ಹತ್ತಿಗೆ ಎಣ್ಣೆ ಹೊಡೆಯುತ್ತೇವೆ, ಉಳಿದದ್ದನ್ನು ಮನೆಯ ಮೂಲೆಯಲ್ಲಿಡುತ್ತೇವೆ. ಸಿಟ್ಟಿನ, ಅವಮಾನದ ಆ ಒಂದು ಗಳಿಗೆ ಹೆಚ್ಚಿನವರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಬದುಕು ನಿಂತಿರುತ್ತದೆ. ಹಾಗಾದರೆ ಪ್ರತಿ ಮನೆಗೂ ಬೀಗದ ಪೆಟ್ಟಿಗೆ ಕೊಟ್ಟರಾಯಿತಲ್ಲ ಎಂದು ನಾನೂ ಭಾವಿಸಿದ್ದೆ. ಶ್ರೀಲಂಕಾದ 180 ಹಳ್ಳಿಗಳಲ್ಲಿ, ಐವತ್ತಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು ಒಳಗೊಂಡು, ಅದನ್ನು ಪರೀಕ್ಷಿಸಿಯೇ ನೋಡಿದರು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಪೆಟ್ಟಿಗೆಯಿಂದ ಪ್ರಯೋಜನ ಕಾಣಲಿಲ್ಲ. ಅದೇ ಶ್ರೀಲಂಕಾದಲ್ಲಿ ಫಲ ಕೊಟ್ಟದ್ದು ಬೇರೆಯೇ ಕ್ರಮ: ಮನುಷ್ಯನಿಗೆ ಅತಿ ಮಾರಕವಾದ ಕೀಟನಾಶಕಗಳನ್ನು 1984ರಿಂದ ಹಂತಹಂತವಾಗಿ ನಿಷೇಧಿಸಿದ್ದು. 1995ರಿಂದ 2005ರೊಳಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು, ಆಮೇಲೆಯೂ ಇಳಿಯಿತು. ಇದರಿಂದ ಬೆಳೆಯ ಇಳುವರಿ ಕುಸಿಯಲಿಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ.

ಇಲ್ಲಿಯೇ ನಮ್ಮ ಯೋಜನೆಯ ಒಂದು ಬಿರುಕು ಕಾಣುತ್ತದೆ. ಕಾರ್ಯತಂತ್ರ ಆರೋಗ್ಯ ಸಚಿವಾಲಯದ್ದು. ಕೀಟನಾಶಕದ ನೋಂದಣಿ ಮತ್ತು ನಿಷೇಧ 1968ರ ಕೀಟನಾಶಕ ಕಾಯ್ದೆಯಡಿ ಕೃಷಿ ಸಚಿವಾಲಯದ್ದು. 2018ರಲ್ಲಿ ಕೇಂದ್ರವು 18 ಕೀಟನಾಶಕಗಳನ್ನು ನಿಷೇಧಿಸಿತು ನಿಜ. ಹೊಸ ಕಾಯ್ದೆಗಾಗಿ 2020ರಲ್ಲಿ ಮಸೂದೆಯೊಂದನ್ನು ರಾಜ್ಯಸಭೆಯಲ್ಲಿ ಮಂಡಿಸಿದ್ದೂ ನಿಜ. ಆದರೆ ಗೊಬ್ಬರದಂಗಡಿಯಲ್ಲಿ ಎಣ್ಣೆ ಉದ್ರಿ ಸಿಗುವುದು, ಕಬ್ಬಿನ ಬಿಲ್ ತಡವಾಗುವುದು, ಬಡ್ಡಿಯವನು ಬಾಗಿಲಿಗೆ ಬರುವುದು, ಇವೆಲ್ಲ ಒಬ್ಬನೇ ರೈತನ ಮನೆಯಲ್ಲಿ ಒಂದೇ ವಾರದಲ್ಲಿ ಸೇರಿಕೊಳ್ಳುತ್ತವೆ. ಸರ್ಕಾರದಲ್ಲಿ ಅವು ನಾಲ್ಕು ಇಲಾಖೆಗಳಲ್ಲಿ ಹರಿದು ಹಂಚಿಹೋಗಿರುತ್ತವೆ.

ರೈತರ ಮಾತು ಬಂದಾಗ ಒಂದು ಎಚ್ಚರಿಕೆ ಹೇಳಬೇಕು. 2022ರಲ್ಲಿ ಕೃಷಿಯಲ್ಲಿ ತೊಡಗಿದ್ದ 11,290 ಮಂದಿ ಆತ್ಮಹತ್ಯೆ ಮಾಡಿಕೊಂಡರು, ಅವರಲ್ಲಿ 2,392 ಮಂದಿ ನಮ್ಮ ರಾಜ್ಯದವರು. ಸಣ್ಣ ಸಂಖ್ಯೆಯಲ್ಲ. ಆದರೆ ಅದೇ ವರ್ಷದ ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಿನಗೂಲಿಯವರದು. ತೀರಿಕೊಂಡ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಗೃಹಿಣಿಯರು. ಆಕೆಯ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ, ಆಕೆಯ ಸಾವಿಗೆ ಯಾವ ಸಂಘಟನೆಯೂ ರಸ್ತೆ ತಡೆ ಮಾಡುವುದಿಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ನೂಲಿನ ಸಾಲ ತೀರದವನ ಸಂಕಟಕ್ಕೂ ಮಳೆ ಹೋದ ವರ್ಷ ಗುಳೆ ಹೊರಟ ತಾಂಡಾದವರ ಸಂಕಟಕ್ಕೂ ಬೇರೆ ಬೇರೆ ಮುಖಗಳಿವೆ. ಒಂದು ಸಾವಿಗೆ ಒಂದೇ ಕಾರಣ ಇರುವುದಿಲ್ಲ. ಸಾಲವೇ ಕಾರಣ ಎಂದು ತಲೆಬರಹ ಹಾಕುವ ಪತ್ರಿಕೆ, ಸಾಲಗಾರರಿಗೆಲ್ಲ ಅದೇ ದಾರಿ ಎಂದು ತೋರಿಸಿದಂತಾಗುತ್ತದೆ. ಈ ಕುರಿತು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಜಿಲ್ಲಾ ವರದಿಗಾರರು ಯಾರಾದರೂ ಈ ಸಭೆಯಲ್ಲಿದ್ದರೆ ದಯವಿಟ್ಟು ಓದಬೇಕು.

ವಿದ್ಯಾರ್ಥಿಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಶಿಕ್ಷಕರಿಗೆ ನನಗಿಂತ ಹೆಚ್ಚು ಗೊತ್ತು. ತಮಿಳುನಾಡು 2000ದ ದಶಕದ ಆರಂಭದಲ್ಲಿ, ನಪಾಸಾದವರು ವರ್ಷ ಕಳೆದುಕೊಳ್ಳದಂತೆ ತಕ್ಷಣವೇ ಮರುಪರೀಕ್ಷೆ ಏರ್ಪಡಿಸಿತು. ನಮ್ಮಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಅದನ್ನು ತಂದವರ ಮನಸ್ಸಿನಲ್ಲಿ ಆತ್ಮಹತ್ಯೆ ತಡೆ ಇತ್ತೋ ಇಲ್ಲವೋ, ಫಲಿತಾಂಶದ ದಿನ "ಇನ್ನೂ ಎರಡು ಸಲ ಇದೆ" ಎಂದು ಹೇಳಲು ಸಾಧ್ಯವಾದದ್ದು ದೊಡ್ಡದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಈ ಸಂಬಂಧ ಕಡ್ಡಾಯ ಸೂಚನೆಗಳನ್ನು ಕೊಟ್ಟಿದೆ.

ಇಷ್ಟೆಲ್ಲ ಮಾಡಲು ಜನರೆಲ್ಲಿ ಎಂದು ಕೇಳುತ್ತೀರಿ. ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಎನ್ನುತ್ತೇವೆ. ಇಡೀ ಉತ್ತರ ಕರ್ನಾಟಕಕ್ಕೆ ಮನಸ್ಸಿನ ಆಸ್ಪತ್ರೆ ಎಂದರೆ ಧಾರವಾಡ ಒಂದೇ ಎಂಬ ಕಾಲದ ಮಾತು ಅದು, ನಗೆಯೊಳಗೆ ದೂರದ ಅಳತೆಯೂ ಇದೆ. ಆ ದೂರವನ್ನು ಕಡಿಮೆ ಮಾಡುವ ದಾರಿಯನ್ನು ಹುಡುಕಿದ್ದೂ ನಮ್ಮ ಸೀಮೆಯಲ್ಲೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಊರ ಬಳಿಯೇ ಮಾನಸಿಕ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು, ಇಂದು ಅದು ದೇಶದ 767 ಜಿಲ್ಲೆಗಳಿಗೆ ಮಂಜೂರಾಗಿದೆ. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಎಂದರೆ ಜನ ತೀರ ಇಲ್ಲವೆಂದಲ್ಲ. ತುರ್ತು ಕೋಣೆಯ ಪುಸ್ತಕಕ್ಕೂ ಮಂಗಳವಾರದ ವೈದ್ಯರಿಗೂ ನಡುವೆ ಹಾದಿ ಇಲ್ಲ.

ಯೋಜನೆ ಎಂಬ ಪದದ ಬಗ್ಗೆ ಈ ಊರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಗೆ ಬರುತ್ತದೆ ಎಂದಾಗ ಸರ್ಕಾರ ಮನೆಮನೆಗೂ ನಂಬರು ಬರೆಸಿತು, ಪಟ್ಟಿ ಮಾಡಿತು, ಅದಕ್ಕೆಂದೇ ಪ್ರಾಧಿಕಾರ ರಚಿಸಿ ಅಧಿಕಾರಿಗಳನ್ನು ಕೂರಿಸಿತು, ಸೆಕ್ಟರುಗಳನ್ನು ಕಟ್ಟಿತು. ತಕರಾರು ಇಂದಿಗೂ ಮುಗಿದಿಲ್ಲ, ಅದು ಬೇರೆ ಮಾತು. ಈ ಸಭೆಯಲ್ಲೇ ಮುಳುಗಡೆಯ ಕಡತ ಇನ್ನೂ ಕೈಯಲ್ಲಿ ಹಿಡಿದವರಿರಬಹುದು. ಆದರೆ ಯಾರ ಮನೆ ನೀರಿಗೆ ಹೋಗುತ್ತದೆ ಎಂಬ ಪಟ್ಟಿ ನೀರು ಬರುವ ಮೊದಲೇ ಇತ್ತು. ಜಿಲ್ಲಾಧಿಕಾರಿಗಳ ಸಭೆಯಲ್ಲಿ ನಾನು ಇಷ್ಟನ್ನೇ ಕೇಳಬಯಸುತ್ತೇನೆ: ಕಳೆದ ತಿಂಗಳು ನಮ್ಮ ಆಸ್ಪತ್ರೆಗಳಿಂದ ಬದುಕಿ ಮನೆಗೆ ಹೋದವರೆಷ್ಟು, ಅವರಲ್ಲಿ ಎಷ್ಟು ಜನರನ್ನು ಒಂದು ವಾರದೊಳಗೆ ಯಾರಾದರೂ ಭೇಟಿ ಮಾಡಿದರು, ಆ ಕೆಲಸಕ್ಕೆ ಯಾರ ಹೆಸರು ಬರೆದಿದೆ.

ಉಪನ್ಯಾಸದ ನಂತರ ಜಮಖಂಡಿ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತು, "ಸರ್, ನಾ ವಾರ ವಾರ ಅವರ ಮನೀಗೆ ಹೋದ್ರ ಓಣಿ ತುಂಬ ಸುದ್ದಿ ಆಗ್ತೇತ್ರಿ. ಹೋಗಿ ಏನಂತ ಕೇಳ್ಲಿ?" ಎಂದು ಕೇಳಿದರು. ಇಡೀ ಸಂಜೆಯಲ್ಲಿ ಕೇಳಿದ ಅತ್ಯಂತ ಕಷ್ಟದ ಪ್ರಶ್ನೆ ಅದು. ಮೊದಲು ಆ ವ್ಯಕ್ತಿಯ ಒಪ್ಪಿಗೆ ಬೇಕು, ಗುಟ್ಟು ಕಾಪಾಡುವುದು ಕಾಯ್ದೆಯೇ ಕೊಟ್ಟ ಹಕ್ಕು ಎಂದೆ. ಬಿಪಿ ನೋಡುವ ನೆಪದಲ್ಲಿ ಸಾಲಿನ ನಾಲ್ಕು ಮನೆಗೂ ಹೋಗಿ, ಅದರಲ್ಲಿ ಈ ಮನೆಯೂ ಇರಲಿ ಎಂದೆ. ಊಟ, ನಿದ್ದೆ, ಕೆಲಸ ಕೇಳಿದ ಮೇಲೆ "ಸಾಯಬೇಕು ಅನ್ನೋ ವಿಚಾರ ಮತ್ತ ಬರ್ತೇತೇನು?" ಎಂದು ನೇರವಾಗಿಯೇ ಕೇಳಬಹುದು, ಹಾಗೆ ಕೇಳಿದರೆ ಇಲ್ಲದ ವಿಚಾರ ಹುಟ್ಟುವುದಿಲ್ಲ ಎಂದೆ. ಹೌದೆಂದರೆ ಅವರನ್ನು ಒಬ್ಬರನ್ನೇ ಬಿಡಬಾರದು, ಅಲ್ಲಿಂದಲೇ 14416ಕ್ಕೆ ಕರೆ ಮಾಡಿ ಫೋನನ್ನು ಅವರ ಕೈಗೆ ಕೊಡಬೇಕು, ಮನೆಯವರಿಗೆ ಹೇಳಿ ಎಣ್ಣೆಯ ಡಬ್ಬಿಯನ್ನು ಮನೆಯಿಂದ ಆಚೆಗೆ ಸಾಗಿಸಬೇಕು, ಆಸ್ಪತ್ರೆಗೆ ಜೊತೆಯಾಗಿ ಹೋಗಬೇಕು ಎಂದೆ.

ಆಕೆ ಕುಳಿತುಕೊಳ್ಳಲಿಲ್ಲ. "ಆ ಒಂಬತ್ತು ಸಲ ಅಂದ್ರಲ್ರಿ, ಅದು ಯಾವಾಗ ಯಾವಾಗ?" ಎಂದು ಡೈರಿ ತೆರೆದರು. ಬೋರ್ಡಿನ ಮೇಲೆ ಬರೆದೆ: 1ನೇ ವಾರ, 2ನೇ ವಾರ, 4ನೇ ವಾರ, 7ನೇ ವಾರ, 11ನೇ ವಾರ, ಆಮೇಲೆ 4ನೇ ತಿಂಗಳು, 6ನೇ ತಿಂಗಳು, 12ನೇ ತಿಂಗಳು, 18ನೇ ತಿಂಗಳು. ಹಿಂದಿನ ಸಾಲಿನವರು ಕಾಣುತ್ತಿಲ್ಲ ಎಂದದ್ದಕ್ಕೆ ಅಳಿಸಿ ಇನ್ನೊಮ್ಮೆ ದೊಡ್ಡದಾಗಿ ಬರೆಯಬೇಕಾಯಿತು.